ಅಲ್ಸರ್ ತೂತಾದರೆ ಬರೀ ತೇಪೆ ಸಾಕಾ?

ಪ್ರಶ್ನೆ: ತಂದೆಗೆ 62 ವರ್ಷ. ಮಂಡಿನೋವಿಗೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಿದ್ದರು. ಹೋದ ತಿಂಗಳು ರಾತ್ರಿ ಹತ್ತಕ್ಕೆ ಇದ್ದಕ್ಕಿದ್ದಂತೆ ಹೊಟ್ಟೆನೋವು ಬಂತು. ಗ್ಯಾಸ್ಟ್ರಿಕ್ ಇರಬೇಕೆಂದು ಸೋಡಾ ಕುಡಿಸಿದೆವು. ಬೆಳಗಿನ ಜಾವ ನೋವು ಇಳಿಯಿತು. ಮಧ್ಯಾಹ್ನ ಹೊಟ್ಟೆ ಉಬ್ಬಿ ಸುಸ್ತಾದಾಗ ಆಸ್ಪತ್ರೆಗೆ ಒಯ್ದೆವು. ಅಲ್ಸರ್ ತೂತಾಗಿದೆ ಎಂದು ತಕ್ಷಣ ಆಪರೇಷನ್ ಮಾಡಿದರು. ಆದರೆ ಅಲ್ಸರ್ ಕತ್ತರಿಸಿ ತೆಗೆದಿಲ್ಲ, ಕೊಬ್ಬಿನ ತೇಪೆ ಹಾಕಿದ್ದಾರೆ. ಎಂಟು ದಿನ ಐಸಿಯುನಲ್ಲಿದ್ದರು. ಇದು ಅರ್ಧಂಬರ್ಧ ಆಪರೇಷನ್ ಅಲ್ಲವೇ? ಮತ್ತೆ ತೂತಾದರೆ?
– ಪೀಣ್ಯದ ಓದುಗರು

ಉತ್ತರ: ‘ಅರ್ಧಂಬರ್ಧ’ ಅನ್ನುವ ಮಾತನ್ನು ವಾರ್ಡಿನ ಹೊರಗೆ ಕೇಳಿ ಕೇಳಿ ಸಾಕಾಗಿದೆ. ಸೈಕಲ್ ಟ್ಯೂಬಿಗೆ ಪಂಕ್ಚರ್ ಹಾಕಿದಂತೆ ಅಂತ ತಿಳಿದಿರುತ್ತಾರೆ. ಆ ತೇಪೆ ಹೊರಗಿನಿಂದ ತಂದದ್ದಲ್ಲ. ಕರುಳಿನ ಮುಂದೆ ಪರದೆಯಂತೆ ಇಳಿಬಿದ್ದಿರುವ ಕೊಬ್ಬಿನ ಪದರ ಒಂದಿದೆ, ಒಮೆಂಟಮ್ ಅಂತ. ಅದನ್ನು ರಕ್ತನಾಳದ ಸಮೇತ ಎಳೆದು ತೂತಿನ ಮೇಲೆ ಕೂರಿಸಿ ಕಟ್ಟುತ್ತೇವೆ. ಜೀವ ಇರುವ ತೇಪೆ ಅದು, ಅಲ್ಲೇ ಅಂಟಿಕೊಂಡು ಗಾಯ ಮಾಯಿಸುತ್ತದೆ. ಒಮೆಂಟಮ್‌ನಿಂದ ತೇಪೆ ಹಾಕುವುದನ್ನು ಕೆನಡಾದ ಸರ್ಜನ್ ರಾಸ್ಕೋ ಗ್ರಹಾಂ 1937ರಲ್ಲೇ ವಿವರಿಸಿದ್ದರು. ಇವತ್ತಿಗೂ ಇದನ್ನೇ ಮಾಡುತ್ತೇವೆ, ಸೋಮಾರಿತನದಿಂದ ಅಲ್ಲ.

ನಮ್ಮ ಗುರುಗಳ ಕಾಲದಲ್ಲಿ ಹೊಟ್ಟೆಯ ಒಂದು ಭಾಗವನ್ನೇ ತೆಗೆಯುತ್ತಿದ್ದರು, ಆಮ್ಲ ಹುಟ್ಟಿಸುವ ವೇಗಸ್ ನರ ಕತ್ತರಿಸುತ್ತಿದ್ದರು. ಆಗ ಆಮ್ಲವೊಂದೇ ಅಪರಾಧಿ ಅಂದುಕೊಂಡಿದ್ದರು. 1982ರಲ್ಲಿ ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್, ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಹಿಡಿದು ತೋರಿಸಿದರು. 2005ರಲ್ಲಿ ಇಬ್ಬರಿಗೂ ನೊಬೆಲ್ ಬಂತು. ಆಮೇಲೆ ನಮ್ಮ ಕತ್ತರಿಗೆ ಕೆಲಸ ಕಡಿಮೆಯಾಯಿತು. ಈಗ ಸರ್ಜನ್ ಸೋರಿಕೆ ನಿಲ್ಲಿಸಿ, ಹೊಟ್ಟೆ ತೊಳೆದು, ರೋಗಿಯನ್ನು ಬದುಕಿಸಿದರೆ ಸಾಕು. ಉಳಿದದ್ದು ಮಾತ್ರೆಯ ಕೆಲಸ. ಬಿಪಿ ಇಳಿದಿರುವ ಮನುಷ್ಯನನ್ನು ಇನ್ನೆರಡು ಗಂಟೆ ಟೇಬಲ್ ಮೇಲೆ ಮಲಗಿಸಿ ಹೊಟ್ಟೆ ಕತ್ತರಿಸುವುದು ಶೂರತನ ಅಲ್ಲ.

ಮತ್ತೆ ಬರುತ್ತದಾ? ಹಾಂಕಾಂಗಿನಲ್ಲಿ ಇಂಥ ತೇಪೆ ಹಾಕಿಸಿಕೊಂಡ, ಹೆಲಿಕೋಬ್ಯಾಕ್ಟರ್ ಇದ್ದ ರೋಗಿಗಳನ್ನು ಒಂದು ವರ್ಷ ಗಮನಿಸಿದರು. ಬ್ಯಾಕ್ಟೀರಿಯಾಕ್ಕೆ ಔಷಧ ಕೊಟ್ಟವರಲ್ಲಿ ಶೇ 4.8 ಮಂದಿಗೆ ಅಲ್ಸರ್ ಮರುಕಳಿಸಿತ್ತು. ಬರೀ ಆಮ್ಲ ಇಳಿಸುವ ಮಾತ್ರೆ ಕೊಟ್ಟವರಲ್ಲಿ ಶೇ 38.1. ನಿಮ್ಮ ತಂದೆಗೆ ಆ ಬ್ಯಾಕ್ಟೀರಿಯಾದ ಪರೀಕ್ಷೆ ಆಗಿದೆಯಾ? ಡಿಸ್ಚಾರ್ಜ್ ಸಮ್ಮರಿ ತೆಗೆದು ನೋಡಿ. ತೂತು ಎಲ್ಲಿತ್ತು ಅಂತಲೂ ನೋಡಿ. ಡಿಯೋಡಿನಮ್ ಅಂದರೆ ಸಣ್ಣ ಕರುಳಿನ ಮೊದಲ ತುಂಡು, ಅಲ್ಲಾದರೆ ಕ್ಯಾನ್ಸರ್ ಚಿಂತೆ ಇಲ್ಲವೆನ್ನುವಷ್ಟು ಕಡಿಮೆ. ಜಠರದಲ್ಲಾದರೆ ಬಯಾಪ್ಸಿ ಆಗಲೇಬೇಕು, ಗಾಯ ಮಾಯ್ದಿದೆಯಾ ಅಂತ ಆರೆಂಟು ವಾರಕ್ಕೆ ಎಂಡೋಸ್ಕೋಪಿಯೂ ಬೇಕು. ‘ಈಗ ಚೆನ್ನಾಗಿದ್ದಾರಲ್ಲ’ ಅಂತ ಇದನ್ನು ತಪ್ಪಿಸುವವರೇ ಜಾಸ್ತಿ.

ಮಂಡಿನೋವಿನ ಮಾತ್ರೆಯೂ ಅಲ್ಸರ್ ತರುತ್ತದೆ, ಅದು ನಿಲ್ಲಲೇಬೇಕು. ಇಂಜೆಕ್ಷನ್ ತಗೊಂಡರೆ ಹೊಟ್ಟೆಗೆ ಏನೂ ಆಗಲ್ಲ ಅನ್ನುವ ಕಾಂಪೌಂಡರ್ ಮಾತು ನಂಬಬೇಡಿ. ಡೈಕ್ಲೋಫೆನಾಕ್‌ನಂಥ ನೋವಿನ ಔಷಧ ಸೂಜಿಯಿಂದ ಹೋದರೂ ರಕ್ತದ ಮೂಲಕ ಅದೇ ಹಾನಿ ಮಾಡುತ್ತದೆ. ಆದರೆ ಹೃದಯಕ್ಕೆಂದು ಆಸ್ಪಿರಿನ್ ಕೊಟ್ಟಿದ್ದರೆ ನೀವಾಗಿ ನಿಲ್ಲಿಸಬೇಡಿ, ಬರೆದುಕೊಟ್ಟ ವೈದ್ಯರನ್ನು ಕೇಳಿ.

ಈಗ ನೀವು ಕೇಳದ ಮಾತು. ಆ ಎಂಟು ದಿನದ ಐಸಿಯು ತೇಪೆಯಿಂದ ಬಂದದ್ದಲ್ಲ, ಸೋಡಾ ಕುಡಿಸಿ ಕಾದ ರಾತ್ರಿಯಿಂದ ಬಂದದ್ದು. ಬೇಸರ ಮಾಡಿಕೊಳ್ಳಬೇಡಿ, ಈ ಊರಿನಲ್ಲಿ ಎಲ್ಲಕ್ಕೂ ‘ಗ್ಯಾಸ್ಟ್ರಿಕ್’ ಅನ್ನುತ್ತಾರೆ, ಹಾರ್ಟ್ ಅಟ್ಯಾಕಿಗೂ. ತೂತಾದಾಗ ಆಮ್ಲ ಚೆಲ್ಲಿ ಒಳಗಿನ ಪೊರೆ ಸುಡುತ್ತದೆ. ಕೆಲವು ಗಂಟೆ ಕಳೆದ ಮೇಲೆ ದೇಹವೇ ನೀರು ಸುರಿಸಿ ಆಮ್ಲವನ್ನು ತೆಳುವಾಗಿಸುತ್ತದೆ. ನೋವು ಇಳಿಯುತ್ತದೆ. ಮನೆಯವರು ‘ಸದ್ಯ’ ಅಂತ ಮಲಗುತ್ತಾರೆ. ಒಳಗೆ ಕೀವು ಶುರುವಾಗಿರುತ್ತದೆ. ಡೆನ್ಮಾರ್ಕಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳ ಲೆಕ್ಕ ತೆಗೆದರು. ಆಸ್ಪತ್ರೆ ಸೇರಿದ ಮೇಲೂ ಆಪರೇಷನ್ ಒಂದೊಂದು ಗಂಟೆ ತಡವಾದಂತೆ ಬದುಕುವ ಸಾಧ್ಯತೆ ಶೇ 2.4ರಷ್ಟು ಇಳಿಯುತ್ತಿತ್ತು. ಹಾಗಾಗಿ ಇನ್ಶೂರೆನ್ಸ್ ಒಪ್ಪಿಗೆಗೆ ಕಾಯುತ್ತಾ ಕೂರುವ ಆಸ್ಪತ್ರೆಗಳ ಮೇಲೂ ನನಗೆ ಸಿಟ್ಟಿದೆ.

ಗುರುತು ಹಿಡಿಯಲು ಒಂದು ಸುಳಿವು: ಕಿಡ್ನಿ ಕಲ್ಲಿನವರು ಹೊರಳಾಡುತ್ತಾರೆ. ಅಲ್ಸರ್ ತೂತಾದವರು ಕೊರಡಿನಂತೆ ಅಲ್ಲಾಡದೆ ಮಲಗಿರುತ್ತಾರೆ, ಕೆಮ್ಮಲೂ ಹೆದರುತ್ತಾರೆ, ಹೊಟ್ಟೆ ಮುಟ್ಟಿದರೆ ಹಲಗೆ. ಆಗ ತಿನ್ನಿಸಬೇಡಿ, ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ. ಎಕ್ಸ್‌ರೇಯಲ್ಲಿ ತೂತಿನಿಂದ ಸೋರಿದ ಗಾಳಿ ಕಾಣಲಿಲ್ಲ ಎಂದು ಯಾರಾದರೂ ವಾಪಸ್ ಕಳಿಸಿದರೆ ಸಿಟಿ ಸ್ಕ್ಯಾನ್ ಕೇಳಿ. ಎಲ್ಲ ತೂತುಗಳೂ ಎಕ್ಸ್‌ರೇಗೆ ಸಿಕ್ಕುವುದಿಲ್ಲ.

ಪ್ರಶ್ನೆ: ಖಾರ ಪೂರ್ತಿ ಬಿಟ್ಟಿದ್ದೇನೆ. ಅಲ್ಸರ್ ವಾಸಿಯಾಗುತ್ತದಾ?

ಉತ್ತರ: ಬ್ಯಾಡಗಿ ಮೆಣಸಿನಕಾಯಿ ಯಾರ ಹೊಟ್ಟೆಯನ್ನೂ ತೂತು ಮಾಡಿದ್ದು ನಾನು ನೋಡಿಲ್ಲ. ಬೀಡಿ ಬಿಟ್ಟಿದ್ದೀರಾ?

ಪ್ರಶ್ನೆ: ಉರಿ ಬಂದಾಗ ತಣ್ಣನೆ ಹಾಲು ಕುಡಿಯಬಹುದಾ?

ಉತ್ತರ: ಸ್ವಲ್ಪ ಹೊತ್ತು ಹಿತ, ಆಮೇಲೆ ಆಮ್ಲ ಇನ್ನೂ ಜಾಸ್ತಿ.

ಪ್ರಶ್ನೆ: 48 ದಿನದಲ್ಲಿ ಅಲ್ಸರ್ ಬೇರುಸಹಿತ ಹೋಗುವ ಪುಡಿ ವಾಟ್ಸ್ಆ್ಯಪ್‌ನಲ್ಲಿ ಬಂದಿದೆ. ತರಿಸಲೇ?

ಉತ್ತರ: ಒಳಗೇನಿದೆ ಅಂತ ಡಬ್ಬಿಯ ಮೇಲೆ ಬರೆದಿಲ್ಲ, ಅಲ್ವಾ? ಇಂಥ ಪುಡಿಗಳಲ್ಲಿ ಸ್ಟೀರಾಯ್ಡ್ ಬೆರೆಸುವುದುಂಟು. ಅದು ಹೊಟ್ಟೆ ತೂತಾದರೂ ನೋವನ್ನು ಮುಚ್ಚಿಡುತ್ತದೆ. ಬೇಡ.

ಪ್ರಶ್ನೆ: ಎರಡು ದಿನದಿಂದ ಮಲ ಡಾಂಬರಿನಂತೆ ಕಪ್ಪಾಗಿ, ಅಂಟಾಗಿ ಹೋಗುತ್ತಿದೆ. ತಲೆ ಸುತ್ತು. ಮುಂದಿನ ವಾರ ಡಾಕ್ಟರ ಅಪಾಯಿಂಟ್‌ಮೆಂಟ್ ಸಿಕ್ಕಿದೆ. ಅಲ್ಲಿಯವರೆಗೆ ಏನು ಪಥ್ಯ?

ಉತ್ತರ: ಇದನ್ನು ಪತ್ರದಲ್ಲಿ ಕೇಳುವುದೇ? ಅದು ರಕ್ತ. ಇಂಥ ರಕ್ತಸ್ರಾವ ಬಹುಪಾಲು ಎಂಡೋಸ್ಕೋಪಿಯಲ್ಲೇ ಕ್ಲಿಪ್ ಹಾಕಿದರೆ ನಿಲ್ಲುತ್ತದೆ, ನಮ್ಮ ಚಾಕು ಬೇಕಾಗುವುದಿಲ್ಲ. ಆದರೆ ಬೇಗ ಬರಬೇಕು. ನಿಮ್ಮ ಸಂಪರ್ಕಕ್ಕೆ ಕೊಟ್ಟ ನಂಬರಿಗೆ ಪತ್ರ ಓದಿದ ದಿನವೇ ಫೋನ್ ಮಾಡಿಸಿದ್ದೇನೆ. ಇದೇ ತರ ಇರುವ ಬೇರೆ ಓದುಗರು ಈ ಪುಟ ಮಡಚಿಟ್ಟು ಎಮರ್ಜೆನ್ಸಿಗೆ ಹೊರಡಿ.