ಎಡಗಡೆಯ ಕುರ್ಚಿಯೋ, ಏರ್‌ಬಸ್ಸೋ?

ಪ್ರಶ್ನೆ: ನಾನು ಕುಮಟಾ ಕಡೆಯವನು, ವಯಸ್ಸು 31. ನಾಲ್ಕೂವರೆ ವರ್ಷದಿಂದ ಒಂದು ವಿಮಾನ ಕಂಪನಿಯಲ್ಲಿ ಎಟಿಆರ್ (ಸಣ್ಣ ಪ್ರೊಪೆಲ್ಲರ್ ವಿಮಾನ) ಸಹಪೈಲಟ್. 2,600 ಗಂಟೆ ಹಾರಾಟವಾಗಿದೆ, ಕ್ಯಾಪ್ಟನ್ ಆಗಲು ಬೇಕಾದ ಲೈಸೆನ್ಸ್ ಎಟಿಪಿಎಲ್ ಕೈಯಲ್ಲಿದೆ. ಎಟಿಆರ್ ಕಮಾಂಡ್ (ಕ್ಯಾಪ್ಟನ್ ಹುದ್ದೆ) ತರಬೇತಿಯ ಸಾಲಿನಲ್ಲಿ ನನ್ನ ಮುಂದೆ ಒಂಬತ್ತು ಮಂದಿ ಇದ್ದಾರೆ. ಈಗ ಕಂಪನಿ ದೊಡ್ಡ ಜೆಟ್ ವಿಮಾನವಾದ ಏರ್‌ಬಸ್ ಎ320ಕ್ಕೆ ಬರುತ್ತೀರಾ ಎಂದು ಕೇಳಿದೆ. ಹತ್ತು ದಿನದಲ್ಲಿ ಉತ್ತರ ಕೊಡಬೇಕು, ಜೂನ್‌ನಲ್ಲಿ ತರಬೇತಿ ಶುರು. ನನಗಿಂತ ಒಂದು ವರ್ಷ ತಡವಾಗಿ ಸೇರಿದ ಹುಡುಗ ನೇರವಾಗಿ ಏರ್‌ಬಸ್‌ಗೆ ಹೋಗಿ ಈಗ ಕ್ಯಾಪ್ಟನ್ ಆಗುವ ಹಂತದಲ್ಲಿದ್ದಾನೆ. ಅದನ್ನು ನೆನೆದರೆ ನಿದ್ದೆ ಹತ್ತುವುದಿಲ್ಲ. ಅಪ್ಪಯ್ಯ ‘ಇದ್ದಲ್ಲೇ ಕ್ಯಾಪ್ಟನ್ ಆಗು’ ಎನ್ನುತ್ತಾರೆ. ಇನ್ನೊಂದು ವಿಷಯ: ಊರಿಗೆ ಬಂದಾಗ ಅಪ್ಪಯ್ಯನ ಹಳೆಯ ಪ್ರೀಮಿಯರ್ ಪದ್ಮಿನಿ ರಿಪೇರಿ ಮಾಡುವುದೇ ನನಗೆ ನೆಮ್ಮದಿ. ಹೆಂಡತಿಗೆ ಅದರ ಮೇಲೆ ಸಿಟ್ಟು. ಎರಡು ವರ್ಷದ ಮಗಳಿಗೆ ಅಪ್ಪನ ಕಾಲು ಮಾತ್ರ ಕಾಣುತ್ತದೆ, ಉಳಿದದ್ದು ಕಾರಿನ ಅಡಿಗೆ ಎನ್ನುತ್ತಾಳೆ. ಕಾರು ಮಾರಿಬಿಡಲೇ?

ಉತ್ತರ: ಕಾರು ಮಾರಬೇಡಿ. ಅದರ ವಿಷಯಕ್ಕೆ ಆಮೇಲೆ ಬರುತ್ತೇನೆ, ಗಡುವು ಇರುವುದು ಮೊದಲನೆಯದಕ್ಕೆ.

ಆ ಹುಡುಗ ನಿಮ್ಮ ಸರದಿಯನ್ನು ಕಿತ್ತುಕೊಂಡಿಲ್ಲ. ಸೀನಿಯಾರಿಟಿ ಪಟ್ಟಿ ಸಾಮಾನ್ಯವಾಗಿ ಕಂಪನಿ ಸೇರಿದ ದಿನಾಂಕದ ಮೇಲೆ ನಿಲ್ಲುತ್ತದೆ. ರಜೆ, ಬೇಸ್ (ಕೆಲಸದ ಊರು), ಫ್ಲೀಟ್ (ಹಾರಿಸುವ ವಿಮಾನದ ಮಾದರಿ) ಬದಲಾವಣೆ ಎಲ್ಲದಕ್ಕೂ ಅದೇ ಸಾಲು. ಆದರೆ ಕಮಾಂಡ್ ಸಿಗುವುದು ಆಯಾ ಫ್ಲೀಟ್‌ನಲ್ಲಿ ಕ್ಯಾಪ್ಟನ್ ಕುರ್ಚಿ ಖಾಲಿಯಾದಾಗ. ಏರ್‌ಬಸ್‌ಗಳು ಹೆಚ್ಚು ಬಂದ ಕಾಲದಲ್ಲಿ ಅಲ್ಲಿನ ಸಾಲು ಓಡುತ್ತದೆ, ಎಟಿಆರ್ ಸಾಲು ನಿಂತಲ್ಲೇ ನಿಲ್ಲುತ್ತದೆ. ನೋವಾಗುವುದು ಸಹಜ. ಆದರೂ ನಮ್ಮ ದೇಶದಲ್ಲಿ ಪೈಲಟ್ 65ರವರೆಗೆ ಹಾರಬಹುದು, ನಿಮ್ಮ ಮುಂದೆ 34 ವರ್ಷವಿದೆ. ಅವನು ಒಂದೆರಡು ವರ್ಷ ಮೊದಲು ಕ್ಯಾಪ್ಟನ್ ಆಗುವುದು ಈ ನಿರ್ಧಾರದ ಲೆಕ್ಕದೊಳಗೆ ಬರಬಾರದು.

ಲೆಕ್ಕಕ್ಕೆ ಬರಬೇಕಾದದ್ದು ಬೇರೆ. ಸೀನಿಯಾರಿಟಿ ನಂಬರ್ ಕಂಪನಿಯದು, ನೀವು ಬಿಟ್ಟ ದಿನ ಅದು ಅಲ್ಲೇ ಉಳಿಯುತ್ತದೆ. ಲಾಗ್‌ಬುಕ್ ನಿಮ್ಮದು, ಎಲ್ಲಿಗೆ ಹೋದರೂ ಜೊತೆಗೆ ಬರುತ್ತದೆ. ಕ್ಯಾಪ್ಟನ್ ಕೂರುವ ಎಡಗಡೆಯ ಕುರ್ಚಿಯಲ್ಲಿ ಕೂತು ಪೈಲಟ್ ಇನ್ ಕಮಾಂಡ್ ಎಂದು ಬರೆದ ಗಂಟೆಗೆ ಬಲಗಡೆಯ ಗಂಟೆಗಿಂತ ಹೆಚ್ಚು ತೂಕ. ಹಾಗೆಂದು ಎಟಿಆರ್ ಗಂಟೆಗೆ ಎಲ್ಲ ಬಾಗಿಲೂ ತೆರೆಯುವುದಿಲ್ಲ. ಅದು ಸುಮಾರು 23 ಟನ್ನಿನ ಪ್ರೊಪೆಲ್ಲರ್ ವಿಮಾನ, ಜೆಟ್ ಅನುಭವವನ್ನೇ ಕೇಳುವ ಕಂಪನಿಗಳು ಬಹಳ ಇವೆ. ನಿಮ್ಮಲ್ಲಿ ಇಲ್ಲದಿರುವುದು ಎರಡು, ಕಮಾಂಡ್ ಮತ್ತು ಜೆಟ್. ಯಾವುದು ಮೊದಲು ಎಂಬುದಷ್ಟೇ ಪ್ರಶ್ನೆ.

ಒಂಬತ್ತು ಎಂಬ ಸಂಖ್ಯೆಯೊಂದರಿಂದ ಏನೂ ತಿಳಿಯದು. ಕಳೆದ ಹನ್ನೆರಡು ತಿಂಗಳಲ್ಲಿ ಎಷ್ಟು ಮಂದಿ ಎಟಿಆರ್ ಕಮಾಂಡ್ ತರಬೇತಿಗೆ ಹೋದರು ಎಂದು ಎಣಿಸಿ. ಹನ್ನೆರಡು ಮಂದಿ ಹೋಗಿದ್ದರೆ ನಿಮ್ಮ ಸರದಿ ಒಂಬತ್ತು ಹತ್ತು ತಿಂಗಳಲ್ಲಿ ಬರುತ್ತದೆ. ನಾಲ್ಕೇ ಮಂದಿ ಹೋಗಿದ್ದರೆ ಎರಡು ವರ್ಷ ದಾಟುತ್ತದೆ. ಈ ಏರ್‌ಬಸ್ ಪತ್ರ ಆ ಒಂಬತ್ತರಲ್ಲಿ ಎಷ್ಟು ಜನಕ್ಕೆ ಹೋಗಿದೆ, ಅವರು ಏನು ಮಾಡುತ್ತಾರೆ ಎಂದೂ ವಿಚಾರಿಸಿ. ಮೂವರು ಹೊರಟರೆ ನೀವು ತಾನಾಗಿ ಏಳನೆಯವರಾಗುತ್ತೀರಿ.

ಕಂಪನಿಗೆ ಇಮೇಲ್ ಬರೆದು ಲಿಖಿತ ಉತ್ತರ ಕೇಳಿ. ಕ್ಯಾಂಟೀನಿನಲ್ಲಿ ಯಾರೋ ಹೇಳಿದ್ದು ಬೇಡ. ಏರ್‌ಬಸ್‌ಗೆ ಹೋದರೆ ಕಮಾಂಡ್ ಸರದಿಗೆ ಕಂಪನಿ ಸೇರಿದ ದಿನಾಂಕ ಹಿಡಿಯುತ್ತಾರೋ, ಆ ಫ್ಲೀಟ್‌ಗೆ ಬಂದ ದಿನಾಂಕವೋ? ಆ ಮಾದರಿಯಲ್ಲಿ ಕನಿಷ್ಠ ಎಷ್ಟು ಗಂಟೆ ಆಗಿರಬೇಕು? ಹೊಸ ಬಾಂಡ್ ಎಷ್ಟು ವರ್ಷ, ಎಷ್ಟು ಹಣ? ತರಬೇತಿಯಲ್ಲಿ ಪಾಸಾಗದಿದ್ದರೆ ಎಟಿಆರ್ ಕುರ್ಚಿ ಹಳೆಯ ಸರದಿಯೊಂದಿಗೇ ಸಿಗುತ್ತದೆಯೇ? ಈ ಸಲ ಬೇಡವೆಂದರೆ ಮುಂದಿನ ಕರೆ ಬರುತ್ತದೆಯೇ? ಎಲ್ಲಕ್ಕಿಂತ ಮುಖ್ಯವಾದದ್ದು: ಎಟಿಆರ್ ಕ್ಯಾಪ್ಟನ್ ಆದಮೇಲೆ ಏರ್‌ಬಸ್‌ಗೆ ಹೋದರೆ ಎಡಗಡೆಯೇ ಕೂರಿಸುತ್ತಾರೋ, ಮತ್ತೆ ಬಲಗಡೆಯಿಂದ ಶುರುವೋ? ಕಂಪನಿಯಿಂದ ಕಂಪನಿಗೆ ಇದು ಬೇರೆ. ನಿಮ್ಮ ತೀರ್ಮಾನದ ಅರ್ಧ ಇದರಲ್ಲೇ ಇದೆ.

ನನ್ನ ಅಭಿಪ್ರಾಯ ಇಷ್ಟು. ಒಂದು ವರ್ಷದೊಳಗೆ ಎಟಿಆರ್ ಕಮಾಂಡ್ ಸಿಗುವ ಲೆಕ್ಕ ಕಂಡರೆ ಅಪ್ಪಯ್ಯನ ಮಾತು ಸರಿ, ಉಳಿಯಿರಿ. ಮೋಡದೊಳಗೆ, ಮಂಜುಗಟ್ಟುವ ಎತ್ತರದಲ್ಲಿ, ಸಣ್ಣ ರನ್‌ವೇಗಳಿಗೆ ದಿನಕ್ಕೆ ನಾಲ್ಕು ನಾಲ್ಕು ಸೆಕ್ಟರ್ (ಒಂದೊಂದು ಹಾರಾಟ) ಹಾರಿಸಿದ ಕ್ಯಾಪ್ಟನ್‌ಗೆ ಬರುವ ತೀರ್ಮಾನಶಕ್ತಿ ಬೇರೆಲ್ಲೂ ಅಷ್ಟು ಬೇಗ ಬರುವುದಿಲ್ಲ. ಒಂದೂವರೆ ವರ್ಷ ಮೀರುವಂತಿದ್ದರೆ, ಸೀನಿಯಾರಿಟಿ ದಿನಾಂಕ ಉಳಿಯುತ್ತದೆಂದು ಬರಹದಲ್ಲಿ ಕೊಟ್ಟರೆ, ಏರ್‌ಬಸ್‌ಗೆ ಹೋಗಿ. ಕಂಪನಿ ಬರೆದು ಕೊಡದಿದ್ದರೆ ದಿನಾಂಕ ಉಳಿಯುವುದಿಲ್ಲ ಎಂದೇ ತಿಳಿದು ಲೆಕ್ಕ ಹಾಕಿ.

ಹೋಗುವುದಾದರೆ ತರಬೇತಿಯನ್ನು ಹಗುರವಾಗಿ ಎಣಿಸಬೇಡಿ. ಗ್ರೌಂಡ್ ಕ್ಲಾಸ್, ಪರೀಕ್ಷೆ, ಸಿಮ್ಯುಲೇಟರ್, ಸ್ಕಿಲ್ ಟೆಸ್ಟ್, ತರಬೇತುದಾರ ಕ್ಯಾಪ್ಟನ್ ಜೊತೆ ಲೈನ್ ಹಾರಾಟ (ಪ್ರಯಾಣಿಕರಿರುವ ಹಾರಾಟ), ಕೊನೆಗೆ ತರಬೇತಿ ಮುಗಿಸಿ ಕೆಲಸಕ್ಕೆ ಬಿಡುವ ರಿಲೀಸ್ ಚೆಕ್. ಮೂರ್ನಾಲ್ಕು ತಿಂಗಳು ಹಿಡಿಯುತ್ತದೆ, ಸಿಮ್ಯುಲೇಟರ್ ಸ್ಲಾಟ್ ಸಿಗದಿದ್ದರೆ ಇನ್ನೂ ಮುಂದೆ ಹೋಗುತ್ತದೆ. ಲೈನ್ ಹಾರಾಟ ಶುರುವಾಗುವ ತನಕ ಹಾರಾಟದ ಗಂಟೆ ಇಲ್ಲ, ಹಾಗಾಗಿ ಗಂಟೆ ಲೆಕ್ಕದ ಭತ್ಯೆಯೂ ಇಲ್ಲ. ಲೈಸೆನ್ಸಿಗೆ ಮಾಡಿದ ಸಾಲ ಬಾಕಿಯಿದ್ದರೆ ಆರು ತಿಂಗಳ ಕಂತು ಮೊದಲೇ ತೆಗೆದಿಡಿ.

ಎಟಿಆರ್‌ನಿಂದ ಬಂದವರು ಎಡವುವ ಜಾಗಗಳು ಗೊತ್ತಿರುವಂಥವು. ಎಟಿಆರ್‌ನಲ್ಲಿ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ಆಟೋಥ್ರಸ್ಟ್ ಇಲ್ಲ, ಕೈ ಸದಾ ಪವರ್ ಲಿವರ್ ಮೇಲೆ, ಶಕ್ತಿ ಎಷ್ಟಿದೆ ಎಂದು ಅಂಗೈಗೇ ತಿಳಿಯುತ್ತದೆ. ಎ320ರಲ್ಲಿ ಲಿವರ್ ಕ್ಲೈಂಬ್ ಸ್ಥಾನದಲ್ಲಿ ಕೂತೇ ಇರುತ್ತದೆ, ಒಳಗೆ ಎಂಜಿನ್ ಏರಿಳಿಯುತ್ತದೆ. ಕೈಗೆ ಸುದ್ದಿ ಬರುವುದಿಲ್ಲ, ಕಣ್ಣಿಗೇ ಬರಬೇಕು. ಅದಕ್ಕೇ ಎದುರಿನ ಪರದೆಯ ಮೇಲ್ತುದಿಯಲ್ಲಿ ವಿಮಾನ ಯಾವ ಮೋಡ್‌ನಲ್ಲಿದೆ ಎಂದು ತೋರಿಸುವ ಎಫ್‌ಎಂಎ ಸಾಲನ್ನು ಪ್ರತಿ ಬದಲಾವಣೆಗೂ ಬಾಯಿಬಿಟ್ಟು ಓದುವ ಅಭ್ಯಾಸ ಮೊದಲ ದಿನದಿಂದಲೇ ಆಗಲಿ. ಇಳಿಯುವುದನ್ನು ಬಿಟ್ಟು ಮತ್ತೆ ಮೇಲೇರುವ ಗೋ-ಅರೌಂಡ್‌ನಲ್ಲಿ ಲಿವರ್ ಪೂರ್ತಿ ಮುಂದಿನ ಟೋಗಾ ಸ್ಥಾನಕ್ಕೆ ಹೋಗದಿದ್ದರೆ ವಿಮಾನ ಆ ಮೋಡ್‌ಗೆ ಬರುವುದೇ ಇಲ್ಲ, ಲ್ಯಾಂಡಿಂಗಿನ ದಾರಿಯನ್ನೇ ಹಿಡಿದಿರುತ್ತದೆ.

ಇನ್ನೊಂದು ತೊಡಕು ಇಳಿಯುವಾಗಿನದು. ಎಟಿಆರ್ ಪ್ರೊಪೆಲ್ಲರ್ ಗಾಳಿಗೆ ಅಡ್ಡ ನಿಂತು ತಾನೇ ಬ್ರೇಕ್ ಹಾಕುತ್ತದೆ, ತಡವಾಗಿ ಎಚ್ಚೆತ್ತರೂ ಸುಧಾರಿಸಬಹುದು. ಎ320 ಜಾರುತ್ತದೆ. ಇಳಿಯುವುದೂ ವೇಗ ಕಳೆಯುವುದೂ ಒಟ್ಟಿಗೆ ಆಗದು. ಎತ್ತರದ ಸಾವಿರಗಳನ್ನು ಮೂರರಿಂದ ಗುಣಿಸಿದರೆ ಬೇಕಾದ ದೂರ: 10,000 ಅಡಿಗೆ 30 ನಾಟಿಕಲ್ ಮೈಲಿ. ಸಮತಟ್ಟಾಗಿ ಹಾರುತ್ತ ವೇಗ ತಗ್ಗಿಸಲು 10 ನಾಟ್‌ಗೆ ಸುಮಾರು ಒಂದು ಮೈಲಿ ಸೇರಿಸಿ. ರೆಕ್ಕೆಯ ಫ್ಲಾಪ್‌ಗಳನ್ನು ಹಂತ ಹಂತವಾಗಿ ಬಿಡಲು ವೇಗದ ಮಿತಿಗಳು 230, 200, 185, 177 ನಾಟ್. ಇವು ಮಗ್ಗಿಯಂತೆ ಬಾಯಿಗೆ ಬರಲಿ.

ಎಟಿಆರ್‌ನ ಎರಡು ಯೋಕ್‌ಗಳೂ (ವಿಮಾನ ಹಾರಿಸುವ ಹಿಡಿಕೆಗಳು) ಒಂದಕ್ಕೊಂದು ಜೋಡಿಸಿದವು, ಕ್ಯಾಪ್ಟನ್ ಕೈ ಹಾಕಿದರೆ ನಿಮಗೆ ತಿಳಿಯುತ್ತಿತ್ತು. ಅವುಗಳ ಬದಲು ಏರ್‌ಬಸ್‌ನಲ್ಲಿರುವ ಸೈಡ್‌ಸ್ಟಿಕ್‌ಗಳಿಗೆ ಆ ನಂಟಿಲ್ಲ. ಇಬ್ಬರೂ ಒಟ್ಟಿಗೆ ಅಲುಗಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ಹಿಡಿತ ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಬಾಯಲ್ಲಿ ಹೇಳಲೇಬೇಕು. ಶಕ್ತಿ ಬದಲಾದಾಗಲೆಲ್ಲ ರಡ್ಡರ್ (ಬಾಲದ ಚುಕ್ಕಾಣಿ) ಒತ್ತುವ ಕಾಲಿನ ಅಭ್ಯಾಸವನ್ನೂ ಇಲ್ಲಿ ಬಿಡಬೇಕು. ಅಡ್ಡಗಾಳಿಯ ಲ್ಯಾಂಡಿಂಗ್, ಎಂಜಿನ್ ಕೈಕೊಟ್ಟ ಹೊತ್ತು, ಇಂಥವಕ್ಕೆ ಮಾತ್ರ ಕಾಲು. ಕಾಕ್‌ಪಿಟ್ ಪೋಸ್ಟರ್ ಗೋಡೆಗೆ ಅಂಟಿಸಿ, ಎದುರು ಕುರ್ಚಿ ಹಾಕಿ ದಿನಾ ಮುಕ್ಕಾಲು ಗಂಟೆ ಫ್ಲೋ (ಸ್ವಿಚ್‌ಗಳನ್ನು ಮುಟ್ಟುವ ಕ್ರಮ) ಅಭ್ಯಾಸ ಮಾಡಿ. ನಾಲ್ಕು ಗಂಟೆಯ ಸಿಮ್ಯುಲೇಟರ್ ಸೆಶನ್‌ನಲ್ಲಿ ನಿಮ್ಮ ಕೈಗೆ ಬರುವುದು ಎರಡೇ ಗಂಟೆ. ಸ್ವಿಚ್ ಹುಡುಕುತ್ತ ಅದನ್ನು ಕಳೆಯಬಾರದು.

ಇನ್ನು ಪದ್ಮಿನಿ. ತರಬೇತಿಯೂ ಮಳೆಗಾಲವೂ ಜೂನ್‌ನಲ್ಲೇ ಶುರುವಾಗುವುದು ಒಳ್ಳೆಯದೇ ಆಯಿತು. ನಾಲ್ಕು ತಿಂಗಳು ಕಾರಿಗೆ ರಜೆ ಕೊಡಿ, ಹೆಂಡತಿಗೆ ಆ ಮಾತು ಮೊದಲೇ ಹೇಳಿ. ಪೈಲಟ್‌ಗಳ ವಾರದ ವಿಶ್ರಾಂತಿ 2025ರ ಜುಲೈಯಿಂದ 36ರ ಬದಲು 48 ಗಂಟೆಯಾಗಿದೆ, ಎರಡು ರಾತ್ರಿಯ ನಿದ್ದೆ ಅದರಲ್ಲಿ ಸೇರಲಿ ಎಂದೇ. ಬೆಂಗಳೂರಿನಿಂದ ರಾತ್ರಿಯೆಲ್ಲ ಗಾಡಿ ಓಡಿಸಿ ದೇವಿಮನೆ ಘಟ್ಟ ಇಳಿದು ಮನೆ ಸೇರಿ, ಬೆಳಿಗ್ಗೆ ಕಾರಿನಡಿ ಮಲಗಿದರೆ ಅದು ವಿಶ್ರಾಂತಿಯಲ್ಲ. ಬಂದ ಮೊದಲ ದಿನ ಮಗಳದು, ಎರಡನೆಯ ದಿನ ಬೆಳಗಿನ ಮೂರು ಗಂಟೆ ಕಾರಿನದು ಎಂದು ಗೆರೆ ಹಾಕಿಕೊಳ್ಳಿ. ಆ ಮೂರು ಗಂಟೆಯಲ್ಲೂ ಅವಳಿಗೆ ಒಂದು ಬಟ್ಟೆಚೂರು ಕೊಟ್ಟು ಹೆಡ್‌ಲೈಟ್ ಒರೆಸಲು ಹೇಳಬಹುದು.

ಒಂದು ಎಚ್ಚರ. ನಮ್ಮ ಕಡೆ ಕಾರೆತ್ತಿ ಚಿರೆಕಲ್ಲಿನ ಮೇಲೆ ನಿಲ್ಲಿಸುವ ರೂಢಿಯಿದೆ. ಚಿರೆಕಲ್ಲು ರಂಧ್ರದ ಕಲ್ಲು, ನೀರು ಕುಡಿದದ್ದು ಒಂದೇ ಬಿಂದುವಿನಲ್ಲಿ ಭಾರ ಬಿದ್ದರೆ ಸೀಳಿಬಿಡುತ್ತದೆ. ಕಬ್ಬಿಣದ ಸ್ಟ್ಯಾಂಡ್ ಇಲ್ಲದೆ ಅಡಿಗೆ ಹೋಗಬೇಡಿ. ತುಕ್ಕು ಉಜ್ಜುವಾಗ ಮುಚ್ಚಿದ ಕನ್ನಡಕ ಬೇಕೇ ಬೇಕು. ಕಣ್ಣಿಗೆ ಕಬ್ಬಿಣದ ಚೂರು ಬಿದ್ದರೆ, ಬೆರಳು ಜಜ್ಜಿದರೆ, ಕ್ಲಾಸ್ 1 ಮೆಡಿಕಲ್ (ಪೈಲಟ್‌ನ ಆರೋಗ್ಯ ಪ್ರಮಾಣಪತ್ರ) ಕೈಯಲ್ಲಿದ್ದರೂ ವಾಸಿಯಾಗುವ ತನಕ ನೀವು ಹಾರುವಂತಿಲ್ಲ. ಆಗ ತರಬೇತಿಯ ಬ್ಯಾಚೂ ತಪ್ಪುತ್ತದೆ.

ಕಾರನ್ನು ಮಳೆಗಾಲಕ್ಕೆ ನಿಲ್ಲಿಸುವ ಮೊದಲು ಮಡ್‌ಗಾರ್ಡ್ ಒಳಗಿನ ಕೆಂಪು ಮಣ್ಣನ್ನೆಲ್ಲ ತೊಳೆದು ಒಣಗಿಸಿ. ತೇವ ಹಿಡಿದಿಟ್ಟು ತಗಡು ತಿನ್ನುವುದು ಅದೇ. ಬಾಗಿಲ ಅಡಿಯ ನೀರಿಳಿಯುವ ತೂತುಗಳನ್ನು ತಂತಿಯಿಂದ ಬಿಡಿಸಿ, ಕಾರ್ಪೆಟ್ ತೆಗೆದು ಮನೆಯೊಳಗಿಡಿ. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಕ್ಕೆ ಕಲ್ಲು ಕೊಡಿ, ಎಳೆದೇ ಇಟ್ಟರೆ ಲೈನಿಂಗ್ ಡ್ರಮ್‌ಗೆ ಹಿಡಿದುಕೊಳ್ಳುತ್ತದೆ. ಬ್ಯಾಟರಿಯ ನೆಗೆಟಿವ್ ಕೊಂಡಿ ಕಳಚಿ. ಇಲಿ ಹೋಗದಂತೆ ಸೈಲೆನ್ಸರ್ ಬಾಯಿಗೆ ಜಾಲರಿ ತುರುಕಿ. ಪ್ಲಾಸ್ಟಿಕ್ ತಾಡಪಾಲು ಮೈಗೆ ತಾಗಿಸಿ ಹೊದಿಸಬೇಡಿ, ಒಳಗೆ ಬೆವರುತ್ತದೆ. ಮಾಡಿನಡಿ ಹತ್ತಿಬಟ್ಟೆ ಸಾಕು. ಅಪ್ಪಯ್ಯ ವಾರಕ್ಕೊಮ್ಮೆ ಕ್ಲಚ್ ಹತ್ತು ಸಲ ಒತ್ತಲಿ, ಪ್ಲೇಟ್ ಅಂಟುವುದಿಲ್ಲ. ಐದು ನಿಮಿಷ ಎಂಜಿನ್ ಚಾಲೂ ಮಾಡಿ ಆರಿಸುವುದು ಮಾತ್ರ ಬೇಡ. ಬಿಸಿಯೇರದ ಎಂಜಿನ್ ಒಳಗೆ, ಸೈಲೆನ್ಸರ್‌ನಲ್ಲಿ ನೀರು ಕಟ್ಟುತ್ತದೆ.

ಟ್ಯಾಂಕ್ ತುಂಬಿಸಿಡಿ, ಕಾರ್ಬ್ಯುರೇಟರ್ ಖಾಲಿ ಇರಲಿ. ಟ್ಯಾಂಕಿನಿಂದ ಪಂಪ್‌ಗೆ ಬರುವ ಪೈಪ್ ಕಳಚಿ, ಅದರ ಬಾಯಿ ಮುಚ್ಚಿ, ಎಂಜಿನ್ ತಾನಾಗಿ ನಿಲ್ಲುವ ತನಕ ಓಡಿಸಿದರೆ ಆಯಿತು. ಈಗಿನ ಪೆಟ್ರೋಲಿನಲ್ಲಿ ನೂರಕ್ಕೆ 20 ಪಾಲು ಎಥೆನಾಲ್, ಅದು ಗಾಳಿಯ ತೇವವನ್ನು ಹೀರುತ್ತದೆ, ಹಳೆಯ ರಬ್ಬರನ್ನು ಊದಿಸುತ್ತದೆ. ಅಕ್ಟೋಬರ್‌ನಲ್ಲಿ ಬಂದಾಗ ಮೊದಲು ಟ್ಯಾಂಕಿನ ತಳದಿಂದ ಅರ್ಧ ಲೀಟರ್ ಗಾಜಿನ ಬಾಟ್ಲಿಗೆ ಹಿಡಿದು ಹತ್ತು ನಿಮಿಷ ಬಿಟ್ಟು ನೋಡಿ. ಎರಡು ಪದರ ಕಂಡರೆ ಟ್ಯಾಂಕ್ ಪೂರ್ತಿ ಇಳಿಸಿ ಹೊಸ ಪೆಟ್ರೋಲ್ ಹಾಕಿದ ಮೇಲೆಯೇ ಚಾಲೂ ಮಾಡಿ.