ಅವರಿಗೆ ಕಾರ್ಡು, ನಮಗೆ ಚೀಲ?

ಮುಂಬಯಿಯ ಕುರ್ಲಾ ಪಶ್ಚಿಮದ ಓದುಗರೊಬ್ಬರು, ಹೆಸರು ಹಾಕಬೇಡಿ ಎಂದು ಕೇಳಿಕೊಂಡು, ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಸಾರಾಂಶ ಇಷ್ಟು: ಕಳೆದ ಮಳೆಗಾಲದಲ್ಲಿ ಚಾಳಿನ ನೆಲ ಅಂತಸ್ತಿನಲ್ಲಿರುವ ಅವರ ಖೋಲಿಗೆ ನೀರು ನುಗ್ಗಿತು. ಅಕ್ಕಿಯ ಡಬ್ಬ, ಬೇಳೆ, ಗ್ಯಾಸ್ ಒಲೆ ಎಲ್ಲವೂ ಮುಳುಗಿದವು. ನೀರಿಳಿದ ಮೇಲೆ ಧಾನ್ಯ ಹಂಚಲು ಬಂದವರು ಮೊದಲು ಕೇಳಿದ್ದು ರೇಷನ್ ಕಾರ್ಡನ್ನು. ಇವರ ಕಾರ್ಡು ಕುಂದಾಪುರದ ಕಡೆಯದು, ಊರಿನ ಮನೆಯ ಕಪಾಟಿನಲ್ಲಿತ್ತು. ಅಕ್ಕಪಕ್ಕದವರು ಸಾಕ್ಷಿ ಹೇಳಿದ ಮೇಲೆ ಹತ್ತು ಕಿಲೋ ಗೋಧಿ ಸಿಕ್ಕಿತು. ಬೀಸಿಸೋಣವೆಂದರೆ ಗಿರಣಿಯ ಮೋಟಾರಿಗೂ ನೀರು ಹೊಕ್ಕಿತ್ತು. ಫ್ಲಾರಿಡಾದಲ್ಲಿರುವ ಅವರ ತಂಗಿಯ ಮಗ ಫೋನಿನಲ್ಲಿ ಹೇಳಿದನಂತೆ: ಇಲ್ಲಿ ಚಂಡಮಾರುತ ಬಂದರೆ ಸರಕಾರ ಹಣ ತುಂಬಿದ ಕಾರ್ಡು ಕೊಡುತ್ತದೆ, ಅಂಗಡಿಗೆ ಹೋಗಿ ಬೇಕಾದ ದಿನಸಿ ತರಬಹುದು. "ಅವರಿಗೆ ಕಾರ್ಡು, ನಮಗೆ ಚೀಲ. ಇದು ಯಾವ ನ್ಯಾಯ?" ಎಂಬುದು ಅವರ ಪ್ರಶ್ನೆ.

ಅಕ್ಕ, ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಅದನ್ನು ಚೀಲದ ಮೇಲೆ ತೀರಿಸಿಕೊಳ್ಳಬೇಡಿ. ಮನೆ ಬಾಗಿಲಿಗೆ ಬಂದವರು ನಿಮ್ಮನ್ನು ಏನು ಕೇಳಿದರು, ಅಲ್ಲಿ ಏನು ಕೇಳುತ್ತಾರೆ ಎಂಬುದರಲ್ಲಿದೆ ವ್ಯತ್ಯಾಸ.

ನಿಮ್ಮ ತಂಗಿಯ ಮಗ ಹೇಳಿದ ಯೋಜನೆಯನ್ನು ಅಮೆರಿಕದಲ್ಲಿ ಡಿ-ಸ್ನ್ಯಾಪ್, ಅಂದರೆ ವಿಪತ್ತಿನ ಕಾಲದ ಆಹಾರ ನೆರವು, ಎನ್ನುತ್ತಾರೆ. ದುಡ್ಡು ಕೇಂದ್ರದ ಕೃಷಿ ಇಲಾಖೆಯದು, ನಡೆಸುವುದು ಆಯಾ ರಾಜ್ಯ. ಅಧ್ಯಕ್ಷರು ವಿಪತ್ತು ಘೋಷಿಸಿ, ಕುಟುಂಬಗಳಿಗೆ ವೈಯಕ್ತಿಕ ನೆರವು ಮಂಜೂರಾದ ಜಿಲ್ಲೆಗಳಲ್ಲಿ ಮಾತ್ರ, ಅದೂ ರಾಜ್ಯ ಕೇಳಿಕೊಂಡರೆ, ಇದು ಶುರುವಾಗುತ್ತದೆ. ಸಾಮಾನ್ಯವಾಗಿ ಒಂದು ವಾರದೊಳಗೆ ಅರ್ಜಿ ಹಾಕಬೇಕು, ಅರ್ಹರಿಗೆ ಮೂರು ದಿನದೊಳಗೆ ಕಾರ್ಡು ಕೈಸೇರಬೇಕು ಎಂಬುದು ನಿಯಮ. ಸಿಗುವುದು ಒಂದು ತಿಂಗಳ ದಿನಸಿಯ ಹಣ. ಮೊದಲೇ ಆಹಾರ ನೆರವು ಪಡೆಯುತ್ತಿದ್ದ ಬಡವರಿಗೆ ಅವರ ಮಾಮೂಲಿ ಕಾರ್ಡಿನಲ್ಲೇ ಹೆಚ್ಚುವರಿ ಮೊತ್ತ ಸೇರುತ್ತದೆ. ಹೊಸ ಕಾರ್ಡು ಹೋಗುವುದು ನಿನ್ನೆಯವರೆಗೆ ಸ್ವಂತ ಸಂಬಳದಲ್ಲಿ ಉಂಡು, ಇವತ್ತು ಕೈ ಖಾಲಿಯಾದವರಿಗೆ.

ನನಗೆ ಮುಖ್ಯವಾಗಿ ಕಂಡದ್ದು ಅವರು ಲೆಕ್ಕ ಹಾಕುವ ಕ್ರಮ. ಆ ಒಂದು ತಿಂಗಳಲ್ಲಿ ಕೈಗೆ ಬಂದ ಸಂಬಳ, ಬ್ಯಾಂಕಿನಿಂದ ತೆಗೆಯಬಹುದಾದ ಹಣ, ಇವೆರಡನ್ನೂ ಕೂಡಿಸಿ, ಮನೆ ರಿಪೇರಿ, ತಾತ್ಕಾಲಿಕ ವಸತಿ ಮುಂತಾದ ವಿಪತ್ತಿನ ಖರ್ಚನ್ನು ಕಳೆಯುತ್ತಾರೆ. ಉಳಿದದ್ದು ಮಿತಿಗಿಂತ ಕಡಿಮೆಯಿದ್ದರೆ ನೀವು ಅರ್ಹರು. ಗುರುತಿನ ಪುರಾವೆ ಕಡ್ಡಾಯ. ವಿಳಾಸದಂಥ ಉಳಿದವುಗಳಿಗೆ ಸಾಧ್ಯವಾದಷ್ಟು ದಾಖಲೆ. ಕಾಗದ ಪತ್ರಗಳೂ ನೀರು ಪಾಲಾಗಿರುತ್ತವೆ ಎಂಬುದು ನಿಯಮ ಬರೆದವರಿಗೆ ಗೊತ್ತಿತ್ತು.

ಹಾಗೆಂದು ಅಮೆರಿಕವನ್ನು ಅಟ್ಟಕ್ಕೇರಿಸಬೇಡಿ. 2017ರಲ್ಲಿ ಇರ್ಮಾ ಚಂಡಮಾರುತದ ನಂತರ ಇದೇ ಕಾರ್ಡಿಗಾಗಿ ಮಯಾಮಿಯ ಉದ್ಯಾನಗಳಲ್ಲಿ ಸಾವಿರಾರು ಜನ ಬಿಸಿಲಲ್ಲಿ ಸಾಲುಗಟ್ಟಿ ನಿಂತರು. ನೂಕುನುಗ್ಗಲಿಗೆ ಹೆದರಿ ಕೆಲವು ಕೇಂದ್ರಗಳನ್ನು ನಡುವೆಯೇ ಮುಚ್ಚಿದರು. ನಮ್ಮ ರೇಷನ್ ಅಂಗಡಿಯ ಸಾಲು ಅದರ ಮುಂದೆ ಸಭ್ಯವಾಗಿಯೇ ಕಾಣುತ್ತದೆ.

ಇನ್ನು ನಮ್ಮ ಕಡೆಗೆ ಬರೋಣ. 26 ಜುಲೈ 2005ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್ ಮಳೆ ಸುರಿದು, ಮೀಠಿ ನದಿ ನಿಮ್ಮ ಕುರ್ಲಾ, ಕಲೀನಾಗಳನ್ನು ಮುಳುಗಿಸಿದ ವರ್ಷವೇ ವಿಪತ್ತು ನಿರ್ವಹಣಾ ಕಾಯ್ದೆಯೂ ಬಂತು. ಪರಿಹಾರ ಶಿಬಿರಗಳಲ್ಲಿ ವಸತಿ, ಆಹಾರ, ಕುಡಿಯುವ ನೀರು, ವೈದ್ಯಕೀಯ ನೆರವು, ಶೌಚಗಳಿಗೆ ಕನಿಷ್ಠ ಮಟ್ಟ ಇರಬೇಕು ಎಂದು ಅದರ 12ನೆಯ ಕಲಮು ಹೇಳುತ್ತದೆ. ಶಿಬಿರಕ್ಕೆ ಹೋಗದೆ, ಒದ್ದೆ ಗೋಡೆಯ ಮನೆಯಲ್ಲೇ ಉಳಿದ ನಿಮ್ಮಂಥವರ ಅಡುಗೆಮನೆ ಅದರ ಕಣ್ಣಿಗೆ ಬೀಳಲಿಲ್ಲ. ಆಹಾರ ಭದ್ರತಾ ಕಾಯ್ದೆಯ 2011ರ ಕರಡಿನಲ್ಲಿ ವಿಪತ್ತಿಗೆ ಸಿಲುಕಿದ ಕುಟುಂಬಗಳಿಗೆ ಮೂರು ತಿಂಗಳವರೆಗೆ ದಿನಕ್ಕೆರಡು ಉಚಿತ ಊಟ ಕೊಡುವ ಮಾತಿತ್ತು. 2013ರಲ್ಲಿ ಕಾಯ್ದೆಯಾಗುವಷ್ಟರಲ್ಲಿ ಆ ಮಾತು ಬಿದ್ದುಹೋಯಿತು. ನನ್ನ ಮಟ್ಟಿಗೆ ನಿಮ್ಮ ಪ್ರಶ್ನೆಯ ಬೇರು ಇರುವುದು ಅಲ್ಲಿಯೇ.

ಉಳಿದದ್ದು ಪ್ರತಿ ಬಾರಿಯೂ ಹೊರಡುವ ಸರಕಾರಿ ಆದೇಶ. 2019ರಲ್ಲಿ ಸಾಂಗಲಿ, ಕೊಲ್ಹಾಪುರಗಳು ಮುಳುಗಿದಾಗ ಮಹಾರಾಷ್ಟ್ರ ಸರಕಾರ ಕುಟುಂಬಕ್ಕೆ ಹತ್ತು ಕಿಲೋ ಅಕ್ಕಿ, ಹತ್ತು ಕಿಲೋ ಗೋಧಿ ಘೋಷಿಸಿತು; ಮನೆ ಎರಡು ದಿನಕ್ಕಿಂತ ಹೆಚ್ಚು ಕಾಲ ನೀರಿನಲ್ಲಿರಬೇಕೆಂಬ ಷರತ್ತು ನೋಡಿ ಜನ ಕಿಡಿಕಾರಿದರು. ಮುಂಬಯಿಯಲ್ಲಿ ಇಂಥ ಷರತ್ತಿಗೆ ಅರ್ಥವೇ ಇಲ್ಲ. ಇಲ್ಲಿಯ ನೀರು ಎಷ್ಟೋ ಸಲ ಸಮುದ್ರದ ಭರತ ಇಳಿದೊಡನೆ ಹೊರಟುಹೋಗುತ್ತದೆ. ಆದರೆ ಗಟಾರದ ನೀರು ಒಂದು ಗಂಟೆ ಸೋಕಿದ ಅಕ್ಕಿಯನ್ನು ಯಾರು ಉಣ್ಣುತ್ತಾರೆ?

ಮಹಾರಾಷ್ಟ್ರದ ರೇಷನ್ ಕಾರ್ಡಿನ ಬಣ್ಣದ ಕಥೆಯೂ ಹೀಗೆಯೇ. ಹಳದಿ, ಕೇಸರಿ, ಬಿಳಿ: ಇವು ವರ್ಷದ ಆದಾಯ ಹೇಳುತ್ತವೆ, ಮೊನ್ನೆಯ ಮಳೆಯನ್ನು ಹೇಳುವುದಿಲ್ಲ. ಜುಲೈ 2024ರಲ್ಲಿ ಖಡಕವಾಸಲಾ ಅಣೆಕಟ್ಟಿನಿಂದ ಬಿಟ್ಟ ನೀರು ಪುಣೆಯ ಸಿಂಹಗಡ ರಸ್ತೆಯ ಏಕತಾನಗರಿಗೆ ನುಗ್ಗಿದಾಗ ತೊಯ್ದದ್ದು ಮಧ್ಯಮ ವರ್ಗದ ಸೊಸೈಟಿಗಳು. ಹೆಚ್ಚು ಆದಾಯದ ಬಿಳಿ ಕಾರ್ಡಿನವರಿಗೂ ಆ ವಾರ ಹಸಿವಾಗಿರುತ್ತದೆ.

ಚೀಲವೇ ಬೇಡವೆಂದು ನಾನು ಹೇಳಲಾರೆ. ಅಂಗಡಿಗಳೂ ಮುಳುಗಿದ್ದಾಗ ಕಾರ್ಡು ಹಿಡಿದು ಎಲ್ಲಿಗೆ ಹೋಗುವುದು? ಮೊದಲ ಮೂರು ನಾಲ್ಕು ದಿನ ಬೇಯಿಸಿದ ಅನ್ನ, ಒಲೆ ಹೊತ್ತಿದ ಮೇಲೆ ಖಾತೆಗೆ ನಗದು, ಅದೂ ಬಣ್ಣ ನೋಡದೆ, ನೀರು ನುಗ್ಗಿದ ಗಲ್ಲಿಯ ಪ್ರತಿ ಮನೆಗೆ. ನನ್ನನ್ನು ಕೇಳಿದರೆ ಇದೇ ಸರಿ. ಪಾತ್ರೆ, ಒಲೆ, ಗಿರಣಿ ಮೂರೂ ಇಲ್ಲದವರಿಗೆ ಗೋಧಿ ಕೊಡುವುದು ಲೆಕ್ಕ ಒಪ್ಪಿಸುವ ಕೆಲಸ.

ಸದ್ಯಕ್ಕೆ ನೀವು ಮಾಡಬಹುದಾದದ್ದು: 'ಒಂದು ದೇಶ, ಒಂದು ಪಡಿತರ ಚೀಟಿ' ವ್ಯವಸ್ಥೆಯಲ್ಲಿ ಊರಿನ ಕಾರ್ಡಿನ ತಿಂಗಳ ಪಾಲನ್ನು ಇಲ್ಲಿಯ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಪಡೆಯಬಹುದು. ನಿಮ್ಮದು ಆಹಾರ ಭದ್ರತಾ ಕಾಯ್ದೆಯಡಿಯ ಕಾರ್ಡಾಗಿರಬೇಕು, ಆಧಾರ್ ಜೋಡಣೆಯಾಗಿರಬೇಕು. ಇದು ಮಾಮೂಲಿ ಪಡಿತರ, ನೆರೆ ಪರಿಹಾರವಲ್ಲ. ಪರಿಹಾರಕ್ಕೆ ಪಂಚನಾಮೆಯೇ, ಅಂದರೆ ಅಧಿಕಾರಿಗಳು ಸ್ಥಳಕ್ಕೆ ಬಂದು ಬರೆದುಕೊಳ್ಳುವ ಹಾನಿಯ ವರದಿಯೇ, ಆಧಾರ. ಬಾಡಿಗೆದಾರರು ಇಲ್ಲಿಯೇ ಎಡವುವುದು: ಮಾಲೀಕನ ಹೆಸರು ಬರೆದುಕೊಂಡು ಹೋಗುತ್ತಾರೆ, ಒಳಗೆ ವಾಸವಿದ್ದವರು ಹೊರಗುಳಿಯುತ್ತಾರೆ. ತಲಾಠಿ (ಕಂದಾಯ ಇಲಾಖೆಯ ಸ್ಥಳೀಯ ಅಧಿಕಾರಿ) ಬಂದಾಗ ವಾಸವಿರುವವರು ನೀವೆಂದು ಬರೆಸಿ, ಬಾಡಿಗೆ ಕರಾರು ಅಥವಾ ವಿದ್ಯುತ್ ಬಿಲ್ಲು ತೋರಿಸಿ, ನೀರು ನಿಂತಿರುವಾಗಲೇ ಮೊಬೈಲಿನಲ್ಲಿ ಫೋಟೊ ತೆಗೆದಿಡಿ. ಹೆಸರು ಬಿಟ್ಟುಹೋಗಿದ್ದರೆ ತಹಶೀಲ್ದಾರರಿಗೆ ಲಿಖಿತ ಅರ್ಜಿ ಕೊಟ್ಟು, ಪ್ರತಿಯ ಮೇಲೆ ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಬಾಯಿಮಾತಿನಲ್ಲಿ 'ನೋಡೋಣ' ಎಂದರೆ ಅಲ್ಲಿಂದ ಕದಲಬೇಡಿ.

— ಸಂಪಾದಕ