ಡೆಸ್ಕ್‌ಟಾಪ್ ಸದ್ದು ಅಡಗಿಸಲು ಒಳಗೆ ಫೋಮ್ ಅಂಟಿಸಲೇ, ನೀರು ಹರಿಸಿ ತಂಪು ಮಾಡುವ ಲಿಕ್ವಿಡ್ ಕೂಲರ್ ಹಾಕಿಸಲೇ?

ಎರಡೂ ಬೇಡ. ತೆಗೆದಿಟ್ಟಿರುವ ಹತ್ತು ಸಾವಿರ ರೂಪಾಯಿ ಸದ್ಯಕ್ಕೆ ನಿಮ್ಮ ಬಳಿಯೇ ಇರಲಿ.

ಕೊಂಡ ಹೊಸದರಲ್ಲಿ ಸದ್ದೇ ಇರಲಿಲ್ಲ, ಈಗ ರಾತ್ರಿ ಕೆಲಸಕ್ಕೆ ಕುಳಿತರೆ ಅದೇ ಕೋಣೆಯಲ್ಲಿ ಮಲಗುವ ಅಮ್ಮನಿಗೆ ನಿದ್ದೆ ಹತ್ತುವುದಿಲ್ಲ ಎಂದು ಬರೆದಿದ್ದೀರಿ. ಆ ಮೊದಲ ಮಾತನ್ನು ನೀವು ಹಾಗೆಯೇ ದಾಟಿ ಹೋಗಿದ್ದೀರಿ. ನಾನೂ ದಾಟಿ ಹೋಗಿದ್ದೆ. ಮೊದಲು ಸುಮ್ಮನಿದ್ದ ಯಂತ್ರ ಈಗ ಮೊರೆಯುತ್ತಿದೆ ಎಂದರೆ ಒಳಗೆ ಏನೋ ಕೆಟ್ಟಿದೆ. ಅದನ್ನು ಹುಡುಕುವುದು ಬಿಟ್ಟು ಬಾಯಿ ಮುಚ್ಚಿಸಲು ಹೊರಟರೆ ಏನಾಗುತ್ತದೆ ಎಂದು ಹೇಳುತ್ತೇನೆ ಕೇಳಿ.

ನಾನಿರುವುದು ಹೊಸಪೇಟೆಯಲ್ಲಿ. ಮಕ್ಕಳ ಕತೆಗಳನ್ನು ಓದಿ, ಧ್ವನಿಮುದ್ರಿಸಿ ಕೊಡುವ ಕೆಲಸ ಮಾಡುತ್ತೇನೆ. ಸ್ಟುಡಿಯೊ ಎಂದರೆ ಮಹಡಿಯ ಮೇಲಿನ ಒಂದು ಕೋಣೆ, ಕಿಟಕಿಗೆ ಎರಡು ರಗ್ಗು, ಒಂದು ಕಬ್ಬಿಣದ ಮೇಜು, ಅದರ ಮೇಲೆ ಕಂಪ್ಯೂಟರ್. ಮೊದಮೊದಲು ತೊಂದರೆ ಇರಲಿಲ್ಲ. ಆಮೇಲೆ ಕತೆಯ ನಡುವೆ ಮೌನ ಬರುವ ಕಡೆಯಲ್ಲೆಲ್ಲ ಹಿಂದಿನಿಂದ ‘ಭರ್’ ಎಂಬ ಸದ್ದು ಕೇಳಿಸತೊಡಗಿತು. ಕೆಲಸ ಕೊಟ್ಟವರು ಧ್ವನಿಯನ್ನು ಹಿಂದಿರುಗಿಸಿದರು. ನನಗೆ ಮುಖಭಂಗವಾಯಿತು, ಸಿಟ್ಟೂ ಬಂತು. ಬೆಂಗಳೂರಿಗೆ ಹೋದಾಗ ಎಸ್.ಪಿ. ರಸ್ತೆಯ ಒಂದು ಅಂಗಡಿಯಲ್ಲಿ ಅಂಟು ಬಳಿದ ಕಪ್ಪು ಫೋಮ್ ಹಾಳೆ ಕಂಡಿತು. ‘ಇದನ್ನು ಒಳಗೆ ಹೊದಿಸಿಬಿಡಿ ಸರ್, ಇದೆಯೋ ಇಲ್ಲವೋ ಗೊತ್ತಾಗುವುದಿಲ್ಲ’ ಎಂದರು. ಹೊತ್ತುಕೊಂಡು ಬಂದೆ.

ಕ್ಯಾಬಿನೆಟ್‌ನ ಎರಡೂ ಪಕ್ಕ, ಮೇಲ್ಭಾಗ, ತಳ ಎಲ್ಲಕ್ಕೂ ಹೊದಿಸಿದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆನೋ ಏನೋ. ಸದ್ದು ಹೊರಬರುವುದೇ ತೂತುಗಳಿಂದ ಎಂಬ ಜ್ಞಾನೋದಯವಾಗಿ ಮುಂಭಾಗದ ಜಾಲರಿಯ ಒಳಗೂ ಒಂದು ತುಂಡು ಅಂಟಿಸಿದೆ. ಹಿಂದಿನ ಸಣ್ಣ ಕಿಂಡಿಗಳಿಗೆ ಟೇಪು ಹಚ್ಚಿದೆ. ಆ ಸಂಜೆ ಯಂತ್ರ ಹಾಕಿದರೆ ಎಂಥ ಶಾಂತಿ! ಅರ್ಧ ಗಂಟೆಯ ಮಟ್ಟಿಗೆ. ಅದಾದ ಮೇಲೆ ಫ್ಯಾನ್ ಎದ್ದ ಪರಿಗೆ ಮೊದಲಿನ ಸದ್ದೇ ವಾಸಿಯಾಗಿತ್ತು. ಆಗಲಾದರೂ ಬುದ್ಧಿ ಬರಬೇಕಿತ್ತು. ಫೋಮ್ ಸಾಲಲಿಲ್ಲ ಎಂದುಕೊಂಡು ಮಿಕ್ಕ ಹಾಳೆಯನ್ನು ಎರಡನೆಯ ಪದರವಾಗಿ ಹಚ್ಚಿದೆ.

ನಾನು ಮಾಡಿದ್ದು ಏನು ಎಂಬುದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ನೀವು ಈಗ ನಿಂತಿರುವುದು ಅದೇ ಜಾಗದಲ್ಲಿ. ಫ್ಯಾನ್ ತನ್ನಷ್ಟಕ್ಕೆ ತಾನು ಕೂಗುವುದಿಲ್ಲ. ಪ್ರೊಸೆಸರ್ ಎಷ್ಟು ಬಿಸಿಯಾಗಿದೆ ಎಂದು ಮದರ್‌ಬೋರ್ಡ್ ನೋಡುತ್ತದೆ, ಅದಕ್ಕೆ ತಕ್ಕಂತೆ ಫ್ಯಾನಿನ ವೇಗ ಏರಿಸುತ್ತದೆ. ಹೊರಗಿನ ಗಾಳಿ ಒಳಬರದಂತೆ ಮಾಡಿದರೆ ಅದೇ ಬಿಸಿ ಗಾಳಿ ಒಳಗೇ ಸುತ್ತುತ್ತದೆ, ಶಾಖ ಏರುತ್ತದೆ, ವೇಗ ಹೆಚ್ಚುತ್ತದೆ. ವೇಗಕ್ಕೂ ಸದ್ದಿಗೂ ಇರುವ ನಂಟು ಸರಳವಲ್ಲ. ಫ್ಯಾನಿನ ವೇಗ ಅರ್ಧಕ್ಕೆ ಇಳಿದರೆ ಸದ್ದು ಸುಮಾರು 15 ಡೆಸಿಬೆಲ್ ಇಳಿಯುತ್ತದೆ. 10 ಡೆಸಿಬೆಲ್ ಇಳಿದರೇ ಕಿವಿಗೆ ಅರ್ಧ ಸದ್ದು ಅನ್ನಿಸುತ್ತದೆ. ಇದನ್ನು ತಿರುಗಿಸಿ ನೋಡಿ. ಶಾಖ ಏರಿ ಫ್ಯಾನ್ ದುಪ್ಪಟ್ಟು ವೇಗದಲ್ಲಿ ತಿರುಗಿದರೆ, ಫೋಮ್ ಹೀರುವ ಅಲ್ಪಸ್ವಲ್ಪ ಸದ್ದು ಯಾವ ಲೆಕ್ಕಕ್ಕೂ ಬರುವುದಿಲ್ಲ.

ಇನ್ನೊಂದು ದಡ್ಡತನ ನನಗೆ ತಿಳಿದದ್ದು ಬಹಳ ತಡವಾಗಿ. ಫೋಮ್ ಹೀರುವುದು ಕೀರಲು ಸದ್ದನ್ನು, ಮಂದ್ರದ ಗುಂಯ್‌ಗಾಟವನ್ನಲ್ಲ. ನನ್ನ ಧ್ವನಿಮುದ್ರಣವನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಹಾಕಿ ಸ್ಪೆಕ್ಟ್ರಮ್ (ಯಾವ ಕಂಪನಾಂಕದಲ್ಲಿ ಎಷ್ಟು ಸದ್ದಿದೆ ಎಂದು ತೋರಿಸುವ ನಕ್ಷೆ) ತೆಗೆದರೆ 120 ಹರ್ಟ್ಸ್ ಬಳಿ ಒಂದು ಗೂಟ ನೆಟ್ಟಗೆ ನಿಂತಿರುತ್ತಿತ್ತು. ಅಂತರಜಾಲದಲ್ಲಿ ಹುಡುಕಿದರೆ ಅಮೆರಿಕದವರು ‘120 ಹರ್ಟ್ಸ್ ಎಂದರೆ ವಿದ್ಯುತ್ತಿನ ಗುಂಯ್‌ಗಾಟ, ಅರ್ಥಿಂಗ್ ನೋಡಿ’ ಎಂದು ಬರೆದಿದ್ದರು. ನಂಬಿ ಎಲೆಕ್ಟ್ರಿಷಿಯನ್‌ನನ್ನು ಕರೆಸಿದೆ, ಹೊಸ ಅರ್ಥಿಂಗ್ ಮಾಡಿಸಿದೆ, ಗೂಟ ಅಲ್ಲಾಡಲಿಲ್ಲ. ಅವರ ಕರೆಂಟು 60 ಹರ್ಟ್ಸ್, ಅದರ ಇಮ್ಮಡಿ 120. ನಮ್ಮದು 50, ಹಾಗಾಗಿ ನಮ್ಮಲ್ಲಿ ವಿದ್ಯುತ್ತಿನ ಗುಂಯ್‌ಗಾಟ ಕಾಣಿಸುವುದು 50 ಮತ್ತು 100ರ ಬಳಿ. ನಮ್ಮ ಮನೆಗಳಲ್ಲಿ 120 ಕಂಡರೆ ಮೊದಲು ಅನುಮಾನ ಪಡಬೇಕಾದದ್ದು ಹಾರ್ಡ್‌ಡಿಸ್ಕ್ ಮೇಲೆ. ನಿಮಿಷಕ್ಕೆ 7200 ಸುತ್ತು, ಅಂದರೆ ಸೆಕೆಂಡಿಗೆ ಸರಿಯಾಗಿ 120. ಆ ಅಲೆಯ ಉದ್ದ ಎರಡೂವರೆ ಮೀಟರಿಗೂ ಹೆಚ್ಚು. ಅದನ್ನು ಫೋಮಿನಿಂದ ಹೀರಿಸಬೇಕಾದರೆ ಕಾಲು ಅಲೆಯಷ್ಟು, ಎಂದರೆ ಸುಮಾರು 70 ಸೆಂಟಿಮೀಟರ್ ದಪ್ಪ ಬೇಕು. ನಾನು ಹಚ್ಚಿದ್ದು 10 ಮಿಲಿಮೀಟರ್ ಹಾಳೆ. ಕ್ಯಾಬಿನೆಟ್‌ನ ಅಗಲವೇ 70 ಸೆಂಟಿಮೀಟರ್ ಇರುವುದಿಲ್ಲ!

ಹಾಗಾದರೆ ಅಷ್ಟು ಸಣ್ಣ ಡಿಸ್ಕಿನ ಕಂಪನ ಮೈಕ್‌ವರೆಗೆ ಹೋದದ್ದು ಹೇಗೆ? ಡಿಸ್ಕನ್ನು ತಗಡಿನ ಗೂಡಿಗೆ ನೇರವಾಗಿ ಸ್ಕ್ರೂ ಹಾಕಿ ಬಿಗಿದಿದ್ದರು. ಗೂಡಿನಿಂದ ಕ್ಯಾಬಿನೆಟ್‌ಗೆ, ಅಲ್ಲಿಂದ ಕಬ್ಬಿಣದ ಮೇಜಿಗೆ. ತಂತಿಯ ಸಣ್ಣ ದನಿಯನ್ನು ತಂಬೂರಿಯ ಬುರುಡೆ ಕೋಣೆ ತುಂಬಿಸುವ ಹಾಗೆ ಮೇಜಿನ ಹಲಗೆ ಆ ಕೆಲಸ ಮಾಡುತ್ತಿತ್ತು. ಮೇಜಿನ ಮೇಲೆ ಅಂಗೈ ಊರಿದರೆ ಸಾಕು, ಬೆರಳ ಸಂದಿನಲ್ಲಿ ನಡುಕ ತಿಳಿಯುತ್ತಿತ್ತು. ಪರೀಕ್ಷೆ ಇಷ್ಟೇ ಸುಲಭ, ನೀವೂ ಇವತ್ತೇ ಮಾಡಿ ನೋಡಿ.

ಇದೆಲ್ಲ ತಿಳಿಯುವ ಹೊತ್ತಿಗೆ ಆಗಬಾರದ್ದು ಆಗಿತ್ತು. ಮುಂಭಾಗದ ಜಾಲರಿ ಮುಚ್ಚಿದೆನಲ್ಲ, ಅದರ ಹಿಂದೆಯೇ ಇದ್ದದ್ದು ಹಾರ್ಡ್‌ಡಿಸ್ಕ್. ಅದಕ್ಕೆ ಸಿಗುತ್ತಿದ್ದ ತಂಪು ಗಾಳಿ ಅದೊಂದೇ. ಏಪ್ರಿಲ್ ತಿಂಗಳು, ಮೇಲೆ ಕಾದ ಆರ್‌ಸಿಸಿ ತಾರಸಿ. ಡಿಸ್ಕಿನ ಆರೋಗ್ಯ ತೋರಿಸುವ ಕ್ರಿಸ್ಟಲ್‌ಡಿಸ್ಕ್‌ಇನ್ಫೋ ತಂತ್ರಾಂಶದಲ್ಲಿ ಅದರ ಶಾಖ 58 ಡಿಗ್ರಿ ತೋರಿಸಿದ್ದನ್ನು ಕಣ್ಣಾರೆ ಕಂಡಿದ್ದೆ. ಮನೆಬಳಕೆಯ ಬಹುತೇಕ ಡಿಸ್ಕ್‌ಗಳಿಗೆ ತಯಾರಕರು ಹೇಳುವ ಮಿತಿ 60. ಮಿತಿಯೊಳಗೇ ಇದೆ ಎಂದು ಸಮಾಧಾನ ಮಾಡಿಕೊಂಡೆ. ಒಂದು ರಾತ್ರಿ ಟಕ್, ಟಕ್ ಎಂದಿತು, ಮತ್ತೆ ಏಳಲಿಲ್ಲ. ಶಾಖವೇ ಕೊಂದಿತು ಎಂದು ಕೋರ್ಟಿನಲ್ಲಿ ಸಾಧಿಸಲಾರೆ, ಆದರೆ ನನಗೆ ಸಂಶಯವಿಲ್ಲ. ಒಪ್ಪಿಸಲು ಸಿದ್ಧವಾಗಿದ್ದ ಕತೆಗಳೆಲ್ಲ ಅದರಲ್ಲೇ ಇದ್ದವು, ಬೇರೆ ಪ್ರತಿ ಇರಲಿಲ್ಲ. ದತ್ತಾಂಶ ತೆಗೆದುಕೊಡುವವರು ಹೇಳಿದ ಮೊತ್ತದಲ್ಲಿ ಹೊಸ ಕಂಪ್ಯೂಟರನ್ನೇ ಕೊಳ್ಳಬಹುದಿತ್ತು. ಎಲ್ಲವನ್ನೂ ಮತ್ತೆ ಓದಿದೆ. ಒಂದು ಕತೆಯಲ್ಲಿ ಹಲ್ಲಿಲ್ಲದ ಅಜ್ಜಿಯ ಮಾತು ಬರುತ್ತದೆ. ಮೊದಲ ಸಲ ತಾನಾಗಿ ಬಂದಿದ್ದ ಆ ದನಿ ಎರಡನೆಯ ಸಲ ಎಷ್ಟು ಹೆಣಗಿದರೂ ಬರಲಿಲ್ಲ.

ಡಿಸ್ಕ್ ಬದಲಿಸಲು ಬಂದ ಹುಡುಗ ಪಕ್ಕದ ಬಾಗಿಲು ತೆಗೆದು ಫೋಮ್ ನೋಡಿ ನಕ್ಕ. ಆಮೇಲೆ ಪ್ರೊಸೆಸರ್ ಮೇಲಿನ ಫ್ಯಾನ್ ಕಳಚಿ ನನ್ನ ಮುಂದೆ ಹಿಡಿದ. ಫ್ಯಾನಿಗೂ, ಅದರ ಕೆಳಗೆ ಪ್ರೊಸೆಸರಿನ ಶಾಖ ಹೀರುವ ಲೋಹದ ಹೀಟ್‌ಸಿಂಕ್‌ಗೂ ನಡುವೆ ಕೆಂಪು ಕಂಬಳಿಯ ತುಂಡಿನಂಥದ್ದು ಕುಳಿತಿತ್ತು. ಸಂಡೂರಿನ ಕಡೆಯಿಂದ ಅದಿರು ಹೊತ್ತ ಲಾರಿಗಳು ಓಡಾಡುವ ಊರು ನಮ್ಮದು. ಆ ಕೆಂಪು ದೂಳಿಗೆ ಕೂದಲು, ಹತ್ತಿಯ ನವಿರು ಸೇರಿ ಗಟ್ಟಿಯಾಗಿತ್ತು. ಉಗುರಿನಿಂದ ಎತ್ತಿದರೆ ಇಡಿಯಾಗಿ ಎದ್ದು ಬಂತು, ಹೀಟ್‌ಸಿಂಕ್‌ನ ಗೆರೆಗಳು ಅದರ ಮೇಲೆ ಅಚ್ಚೊತ್ತಿದ್ದವು. ಫ್ಯಾನ್ ತಿರುಗುತ್ತಿತ್ತು, ಗಾಳಿ ಕೆಳಗೆ ಇಳಿಯುತ್ತಿರಲಿಲ್ಲ. ಸಾಲದ್ದಕ್ಕೆ ಕೂಲರಿನ (ಫ್ಯಾನ್, ಹೀಟ್‌ಸಿಂಕ್ ಸೇರಿದ ಜೋಡಣೆ) ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಲ್ಲಿ ಒಂದು ಮೇಲೆದ್ದು, ಕೂಲರ್ ಒಂದು ಕಡೆ ಓರೆಯಾಗಿತ್ತು. ಇಂಟೆಲ್ ಪ್ರೊಸೆಸರ್ ಜತೆ ಬರುವ ಕೂಲರ್‌ಗಳಲ್ಲಿ ಇದು ಹಳೆಯ ಕಾಯಿಲೆ. ನನ್ನ ಇಡೀ ರಾದ್ಧಾಂತದ ಮೂಲ ಅಷ್ಟೇ. ದೂಳು ತೆಗೆದು, ಪ್ರೊಸೆಸರಿನ ಶಾಖವನ್ನು ಕೂಲರಿಗೆ ದಾಟಿಸುವ ಥರ್ಮಲ್ ಪೇಸ್ಟ್ ಹೊಸದಾಗಿ ಹಚ್ಚಿ, ನಾಲ್ಕೂ ಪಿನ್ ‘ಕ್ಲಿಕ್’ ಎನ್ನುವವರೆಗೆ ಒತ್ತಿ ಕೂರಿಸಿದ ಮೇಲೆ ಯಂತ್ರ ಹೊಸದರ ಹಾಗೆಯೇ ಆಯಿತು.

ಆದ್ದರಿಂದ ನೀವು ಮೊದಲು ಮಾಡಬೇಕಾದ್ದು ಖರೀದಿಯಲ್ಲ, ಕಿವಿಗೊಟ್ಟು ಕೇಳುವುದು. ದಿನಪತ್ರಿಕೆಯನ್ನು ಕೊಳವೆಯಂತೆ ಸುತ್ತಿ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಪ್ರೊಸೆಸರ್ ಫ್ಯಾನ್, ಹಿಂದಿನ ಫ್ಯಾನ್, ಎಸ್‌ಎಂಪಿಎಸ್ (ಕರೆಂಟು ಒದಗಿಸುವ ಪೆಟ್ಟಿಗೆ), ಡಿಸ್ಕ್ ಹೀಗೆ ಒಂದೊಂದರ ಹತ್ತಿರ ಹಿಡಿಯಿರಿ (ತಾಗಿಸಬೇಡಿ). ಯಾವುದು ದೊಡ್ಡ ಗಂಟಲಿನದು ಎಂದು ತಾನೇ ತಿಳಿಯುತ್ತದೆ. ಆಮೇಲೆ ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಒಮ್ಮೆ ಒತ್ತಿಬಿಟ್ಟು ಒಳಗಿನ ದೂಳು ತೆಗೆಯಿರಿ. ಬ್ಲೋವರ್ ಹಿಡಿಯುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಗಾಳಿಯ ರಭಸಕ್ಕೆ ಅದು ಅಳತೆ ಮೀರಿ ತಿರುಗಿದರೆ ಬೇರಿಂಗ್ ಹಾಳಾಗಿ, ಇಲ್ಲದ ಸದ್ದು ಶುರುವಾಗುತ್ತದೆ. ಎಸ್‌ಎಂಪಿಎಸ್ ಪೆಟ್ಟಿಗೆಯನ್ನು ಮಾತ್ರ ಬಿಚ್ಚಬೇಡಿ, ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಹಿಡಿದಿಟ್ಟುಕೊಳ್ಳುವ ಕೆಪಾಸಿಟರ್‌ಗಳು ಅಪಾಯಕಾರಿ. ನಿಮ್ಮದು ಎಎಂಡಿ ಪ್ರೊಸೆಸರ್ ಕೂರುವ ಎಎಂ4 ಬಗೆಯ ಮದರ್‌ಬೋರ್ಡ್ ಆಗಿದ್ದರೆ ಕೂಲರನ್ನು ನೇರವಾಗಿ ಮೇಲಕ್ಕೆ ಎಳೆಯಬೇಡಿ. ಸ್ವಲ್ಪ ಹೊತ್ತು ಯಂತ್ರ ನಡೆಸಿ, ಆರಿಸಿ, ಬಿಸಿ ಆರುವ ಮೊದಲು ಮೆಲ್ಲಗೆ ಅತ್ತಿತ್ತ ತಿರುಚಿ ತೆಗೆಯಿರಿ. ಇಲ್ಲವಾದರೆ ಪ್ರೊಸೆಸರ್ ಅಂಟಿಕೊಂಡೇ ಕಿತ್ತು ಬರುವುದುಂಟು.

ಬೇರಿಂಗ್‌ಗೆ ಕೊಬ್ಬರಿ ಎಣ್ಣೆ ಬಿಡಿ ಎಂದು ಸಲಹೆ ಕೊಡುವ ಒಬ್ಬರಾದರೂ ಇದ್ದೇ ಇರುತ್ತಾರೆ. ಬೇಡ. ಕಿರುಗುಟ್ಟುವ ಫ್ಯಾನ್ ಬದಲಿಸಿ.

ಈಗ ‘ಪೂರ್ತಿ ನಿಶ್ಶಬ್ದ’ ಎಂಬ ನಿಮ್ಮ ಮಾತು. ತಲೆಯ ಮೇಲೆ ಸೀಲಿಂಗ್ ಫ್ಯಾನ್ ತಿರುಗುವ ಕೋಣೆಯಲ್ಲಿ ಅಂಥದ್ದೊಂದು ಇಲ್ಲವೇ ಇಲ್ಲ. ಅಮ್ಮನವರಿಗೆ ಸೀಲಿಂಗ್ ಫ್ಯಾನ್ ಸದ್ದಿನಲ್ಲಿ ನಿದ್ದೆ ಬರುತ್ತದೆ, ಕಂಪ್ಯೂಟರ್ ಸದ್ದಿನಲ್ಲಿ ಬರುವುದಿಲ್ಲ, ಅಲ್ಲವೇ? ಅದು ಒಂದೇ ಸಮನೆ ಇರುತ್ತದೆ, ಇದು ಏರಿ ಇಳಿಯುತ್ತದೆ. ನಿದ್ದೆ ಕೆಡಿಸುವುದು ಆ ಏರಿಳಿತ. ಒಂದು ಪುಟ ತೆರೆದರೆ ಪ್ರೊಸೆಸರ್ ಶಾಖ ಕ್ಷಣದಲ್ಲಿ ಹತ್ತಿಪ್ಪತ್ತು ಡಿಗ್ರಿ ನೆಗೆಯುತ್ತದೆ, ಫ್ಯಾನ್ ಅದರ ಬೆನ್ನು ಹತ್ತುತ್ತದೆ. ಬಯೋಸ್‌ಗೆ (ಕಂಪ್ಯೂಟರ್ ಶುರುವಾಗುವಾಗ ತೆರೆಯಬಹುದಾದ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ಹೋಗಿ. ಏಸಸ್ ಬೋರ್ಡಿನಲ್ಲಿ ಕ್ಯೂ-ಫ್ಯಾನ್, ಗಿಗಾಬೈಟ್‌ನಲ್ಲಿ ಸ್ಮಾರ್ಟ್ ಫ್ಯಾನ್ ಎಂದಿರುತ್ತದೆ. 60 ಡಿಗ್ರಿವರೆಗೆ ಒಂದೇ ಕಡಿಮೆ ವೇಗ ಇರಲಿ, ಅದಾದ ಮೇಲೆ ನಿಧಾನವಾಗಿ ಏರಲಿ, ಏರುವ ಮೊದಲು ಕೆಲವು ಸೆಕೆಂಡ್ ತಡೆಯಲಿ. ಹಿಂದಿನ ಫ್ಯಾನಿನ ವೈರಿನ ಕನೆಕ್ಟರ್ ಮೂರು ಪಿನ್ನಿನದಾಗಿದ್ದರೆ ಅಲ್ಲೇ ಅದರ ಸೆಟ್ಟಿಂಗ್ ಪಿಡಬ್ಲ್ಯುಎಂ ಬದಲು ಡಿಸಿ ಎಂದಿರಬೇಕು. ಇಲ್ಲವಾದರೆ ಅದು ಹಗಲೂ ರಾತ್ರಿ ಪೂರ್ಣ ವೇಗದಲ್ಲಿಯೇ ಓಡುತ್ತದೆ. ಜೋಡಿಸುವವರು ಇದನ್ನು ನೋಡದೆ ಬಿಡುವುದೇ ಹೆಚ್ಚು.

ಇನ್ನೂ ಒಂದು ಪುಕ್ಕಟೆ ಉಪಾಯ: ವಿಂಡೋಸ್‌ನ ಪವರ್ ಆಪ್ಷನ್ಸ್‌ನಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಎಂಬುದನ್ನು 100ರಿಂದ 99ಕ್ಕೆ ಇಳಿಸಿ. ಹೆಚ್ಚಿನ ಯಂತ್ರಗಳಲ್ಲಿ ಟರ್ಬೊ (ಪ್ರೊಸೆಸರ್ ತನ್ನ ಮಾಮೂಲು ವೇಗ ಮೀರಿ ಓಡುವುದು) ನಿಲ್ಲುತ್ತದೆ, ಶಾಖ ಗಣನೀಯವಾಗಿ ಇಳಿಯುತ್ತದೆ. ರಾತ್ರಿ ಮಾಡುವ ಲೆಕ್ಕಪತ್ರದ ಕೆಲಸಕ್ಕೆ ಟರ್ಬೊ ಏಕೆ ಬೇಕು?

ಲಿಕ್ವಿಡ್ ಕೂಲರ್ ಏಕೆ ಬೇಡ ಎಂದರೆ, ಅದರ ರೇಡಿಯೇಟರ್ ಮೇಲೂ ಫ್ಯಾನ್‌ಗಳೇ ಇರುತ್ತವೆ, ಜತೆಗೆ ನೀರು ತಳ್ಳುವ ಪಂಪಿನ ಸದ್ದು ಬೇರೆ. ಇರುವ ಸದ್ದಿಗೆ ಇನ್ನೊಂದನ್ನು ದುಡ್ಡು ಕೊಟ್ಟು ತಂದ ಹಾಗೆ. ದೂಳು ತೆಗೆದ ಮೇಲೂ ಸಮಾಧಾನವಾಗದಿದ್ದರೆ 120 ಮಿಲಿಮೀಟರ್ ಫ್ಯಾನ್ ಇರುವ ಒಂದು ಟವರ್ ಕೂಲರ್ (ಹೀಟ್‌ಸಿಂಕ್ ಗೋಪುರದಂತೆ ಎತ್ತರ ಇರುವಂಥದ್ದು) ತನ್ನಿ. ದೊಡ್ಡ ರೆಕ್ಕೆ ನಿಧಾನವಾಗಿ ತಿರುಗಿಯೂ ಸಾಕಷ್ಟು ಗಾಳಿ ಕೊಡುತ್ತದೆ. ಉಳಿದ ಹಣಕ್ಕೆ ಹಾರ್ಡ್‌ಡಿಸ್ಕ್ ಬದಲಿಗೆ ಎಸ್‌ಎಸ್‌ಡಿ ಹಾಕಿಸಿ. ಅದರಲ್ಲಿ ತಿರುಗುವ ಭಾಗವೇ ಇಲ್ಲ, ಹಾಗಾಗಿ 120 ಹರ್ಟ್ಸ್ ಗಲಾಟೆಯೂ ಇಲ್ಲ. ಹಳೆಯ ಹಾರ್ಡ್‌ಡಿಸ್ಕನ್ನು ಹೊರಗಿನ ಡಬ್ಬಿಗೆ ಹಾಕಿಸಿ, ವಾರಕ್ಕೊಮ್ಮೆ ಎಲ್ಲದರ ಪ್ರತಿ ತೆಗೆಯಲು ಇಟ್ಟುಕೊಳ್ಳಿ. ಇದು ಸದ್ದಿನ ವಿಷಯವಲ್ಲ, ಆದರೂ ಹೇಳದೆ ಬಿಡಲಾರೆ.

ಕ್ಯಾಬಿನೆಟ್ ಮೇಜಿನ ಮೇಲಿದ್ದರೆ ಕೆಳಗಿಳಿಸಿ. ಹಳೆಯ ಮೌಸ್‌ಪ್ಯಾಡ್ ಕತ್ತರಿಸಿ ನಾಲ್ಕು ಕಾಲಿಗೂ ಕೊಡಿ, ಗೋಡೆಗೆ ಒತ್ತದಂತೆ ಗೇಣುದ್ದ ಜಾಗ ಬಿಡಿ, ಮಂಚದಿಂದ ಆದಷ್ಟು ದೂರ ಇರಲಿ. ನೆಲದ ಮೇಲೆ ದೂಳು ಹೆಚ್ಚು, ಹಾಗಾಗಿ ಆಗಾಗ ಜಾಲರಿ ಒರೆಸಬೇಕಾಗುತ್ತದೆ, ಅಷ್ಟೇ.

ಇದೆಲ್ಲ ಭರ್, ಗುಂಯ್ ಎನ್ನುವ ಸದ್ದಿಗೆ. ನಿಮ್ಮದು ಪುಟ ಸರಿಸಿದಾಗ ಅಥವಾ ಆಟ ಆಡುವಾಗ ಮಾತ್ರ ‘ಕೀಂ’ ಎಂದು ಸಣ್ಣಗೆ ಕೇಳಿಸುವ ಸದ್ದಾದರೆ ಅದು ಫ್ಯಾನಿನದಲ್ಲ, ಗ್ರಾಫಿಕ್ಸ್ ಕಾರ್ಡ್ ಅಥವಾ ಎಸ್‌ಎಂಪಿಎಸ್‌ನ ಕಾಯಿಲ್ (ತಂತಿಯ ಸುರುಳಿ) ಕಂಪಿಸುವ ಸದ್ದು. ಅದಕ್ಕೆ ದೂಳು ತೆಗೆದರೂ ಪ್ರಯೋಜನವಿಲ್ಲ. ಆಟದ ಫ್ರೇಮ್ ದರವನ್ನು (ಸೆಕೆಂಡಿಗೆ ಪರದೆಯಲ್ಲಿ ಮೂಡುವ ಚಿತ್ರಗಳ ಸಂಖ್ಯೆ) 60ಕ್ಕೆ ಕಟ್ಟಿಹಾಕಿ ನೋಡಿ. ಆಗಲೂ ನಿಲ್ಲದಿದ್ದರೆ, ವಾರಂಟಿ ಮುಗಿದಿಲ್ಲವಾದರೆ, ಮೊಬೈಲಿನಲ್ಲಿ ಆ ಸದ್ದನ್ನು ಮುದ್ರಿಸಿಕೊಂಡು ಕೊಂಡ ಅಂಗಡಿಗೇ ಹೋಗಿ. ಗಿಜಿಗುಡುವ ಅಂಗಡಿಯಲ್ಲಿ ಆ ಸದ್ದು ಯಾರಿಗೂ ಕೇಳಿಸುವುದಿಲ್ಲ, ಮುದ್ರಿಸಿಕೊಂಡಿದ್ದರೆ ತೋರಿಸಲು ಆಗುತ್ತದೆ.